ಮೂರು ಹೆಸರು, ಒಂದು ಅಫಿಡವಿಟ್: ಧಾರವಾಡದ ಬೋರ್ಡಿಲ್ಲದ ಟೈಪಿಂಗ್ ಅಂಗಡಿ

ಧಾರವಾಡದಲ್ಲಿ ಪೇಢೆ ಅಂಗಡಿಗೆ ರಿವ್ಯೂ ಬರೆಯುವವರಿಗೆ ಕೊರತೆ ಇಲ್ಲ. ಗಿರ್ಮಿಟ್, ಮಿರ್ಚಿ, ರೊಟ್ಟಿ ಊಟದ ಖಾನಾವಳಿ, ಎಲ್ಲಕ್ಕೂ ಜನ ಸ್ಟಾರ್ ಕೊಟ್ಟು, ಫೋಟೋ ಹಾಕಿ, ಚಟ್ನಿ ಬಗ್ಗೆ ಜಗಳವನ್ನೂ ಆಡಿದ್ದಾರೆ. ಟೈಪಿಂಗ್ ಅಂಗಡಿಗೆ ಮಾತ್ರ ಯಾರೂ ಬರೆಯಲ್ಲ. ಯಾಕೆ ಬರೀತಾರೆ ಹೇಳಿ. ಅಲ್ಲಿಗೆ ಹೋಗುವವರೆಲ್ಲ ಏನೋ ಒಂದು ತಾಪತ್ರಯ ಹೊತ್ತುಕೊಂಡೇ ಹೋಗಿರುತ್ತಾರೆ. ಹೊಲದ ತಕರಾರು, ಸತ್ತವರ ಬ್ಯಾಂಕ್ ಖಾತೆ, ಕಳೆದುಹೋದ ಮಾರ್ಕ್ಸ್ ಕಾರ್ಡ್. ಕೆಲಸ ಮುಗಿದರೆ ಸಾಕು, ಮತ್ತೆ ಆ ಗಲ್ಲಿ ಕಡೆ ತಿರುಗಿ ನೋಡೋಕೂ ಮನಸ್ಸಿರಲ್ಲ.

ನಾನು ಬರೀತೀನಿ. ನಾಲ್ಕು ಸ್ಟಾರ್. ಐದನೇದು ಯಾಕೆ ಕೊಟ್ಟಿಲ್ಲ ಅಂತ ಕೆಳಗೆ ಹೇಳ್ತೀನಿ.

ಅಂಗಡಿ ಇರುವುದು ಕೋರ್ಟು, ಡಿಸಿ ಆಫೀಸಿನ ಆಸುಪಾಸಿನ ಒಂದು ಗಲ್ಲಿಯಲ್ಲಿ. ಹೆಸರು ಕೇಳಬೇಡಿ, ಇಲ್ಲ. ಶಟರ್ ಮೇಲೆ ಒಂದು ಮಾಸಿದ ಫ್ಲೆಕ್ಸ್, ಅದರಲ್ಲಿ ಜೆರಾಕ್ಸ್, ಲ್ಯಾಮಿನೇಶನ್, ಕನ್ನಡ ಇಂಗ್ಲಿಷ್ ಟೈಪಿಂಗ್, ಅಫಿಡವಿಟ್ ಅಂತ ಇದೆ, ಅಷ್ಟೇ. ಒಳಗೆ ಎರಡು ಕಂಪ್ಯೂಟರ್, ಒಂದು ಜೆರಾಕ್ಸ್ ಮಷೀನು, ನಾಲ್ಕು ಜನ ಕೂರುವ ಕಡೆ ಆರು ಜನ ಕೂರುವ ಬೆಂಚು. ಮೂಲೆಯಲ್ಲಿ ನೀಲಿ ಪ್ಲಾಸ್ಟಿಕ್ ಹೊದಿಸಿದ ಹಳೇ ಕನ್ನಡ ಟೈಪ್‌ರೈಟರ್. ಮೇಲೆ ಒಂದು ಫ್ಯಾನು. ಅದರ ಸಪ್ಪಳದ ಬಗ್ಗೆ ಬೇರೆಯೇ ರಿವ್ಯೂ ಬರೆಯಬಹುದು, ಟಾಂಗಾ ಓಡಿದ ಹಾಗೆ ಕಟಕಟ ಅನ್ನುತ್ತೆ. ಅಂಗಡಿ ನಡೆಸುವವರು ಐವತ್ತು ದಾಟಿದ ಹೆಣ್ಣುಮಗಳು. ಎಲ್ಲರೂ ಅವರನ್ನು ಅಕ್ಕಾರ ಅಂತಲೇ ಕರೆಯುತ್ತಾರೆ, ವಕೀಲರೂ ಕೂಡ.

ನನ್ನ ತಾಪತ್ರಯ ಹೀಗಿತ್ತು. ನಾನು ಹೊಸಯಲ್ಲಾಪುರದ ಕಡೆ ಅವ್ವನ ಜೊತೆ ಬಾಡಿಗೆ ಮನೆಯಲ್ಲಿದ್ದೀನಿ. ಬ್ಲೌಸ್ ಹೊಲೀತೀನಿ, ಇಳಕಲ್ ಸೀರೆ ಮೇಲೆ ಕಸೂತಿ ಹಾಕ್ತೀನಿ. ಕೆಲಸ ಜಾಸ್ತಿ ಆಯಿತು, ಇನ್ನೊಂದು ಮಷೀನು ತಗೊಂಡು ಒಬ್ಬ ಹುಡುಗಿಯನ್ನು ಇಟ್ಟುಕೊಳ್ಳೋಣ ಅಂತ ಬ್ಯಾಂಕಿಗೆ ಸಾಲ ಕೇಳೋಕೆ ಹೋದೆ. ಕೌಂಟರಿನ ಹುಡುಗ ನನ್ನ ಕಾಗದಗಳನ್ನು ಟೇಬಲ್ ಮೇಲೆ ಸಾಲಾಗಿ ಇಟ್ಟ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಒಂದು ಹೆಸರು. ಪ್ಯಾನ್ ಕಾರ್ಡಿನಲ್ಲಿ ಇನ್ನೊಂದು. ಆಧಾರ್‌ನಲ್ಲಿ ಮತ್ತೊಂದು. "ಇವರು ಮೂರೂ ಮಂದಿ ಯಾರ್ರೀ?" ಅಂದ. ತಮಾಷೆಗೇ ಅಂದದ್ದು, ಪಾಪ. ನನಗೆ ಉತ್ತರ ಹೊಳೆಯಲಿಲ್ಲ.

ಮೂರೂ ಹೆಸರನ್ನು ಇಲ್ಲಿ ಬರೆಯೋದಿಲ್ಲ. ನಮ್ಮ ಕಡೆ ಎಲ್ಲರಿಗೂ ಎಲ್ಲರೂ ಗೊತ್ತು. ಗುರುತು ಮಾತ್ರ ಹೇಳ್ತೀನಿ. ಮೊದಲನೇದು ಅಜ್ಜಿಯ ಹೆಸರು, ಊರದೇವಿಯ ಹೆಸರು, ಕೊನೆಗೆ 'ಅವ್ವ' ಅಂತ ಬರುತ್ತೆ. ಹೈಸ್ಕೂಲಿನಲ್ಲಿ ನನಗೆ ಆ ಹೆಸರೆಂದರೆ ನಾಚಿಕೆ. ಗೆಳತಿಯರೆಲ್ಲ ಶ್ವೇತಾ, ದೀಪಾ, ನಾನೊಬ್ಬಳೇ ಅವ್ವ. 2007ರಲ್ಲಿ, ನನಗೆ ಇಪ್ಪತ್ತಾಗಿದ್ದಾಗ, ಗದಗ ಕಡೆಯ ಒಂದು ಊರಿಗೆ ಮದುವೆ ಮಾಡಿ ಕೊಟ್ಟರು, ಅಲ್ಲಿ ಅತ್ತೆ 'ಶ್ರೀ' ಅಂತ ಕೊನೆಯಾಗುವ ಒಂದು ಹೊಸ ಹೆಸರಿಟ್ಟರು, ಹಾಗಾಗಿ ನಾನು ಒಳಗೊಳಗೇ ಖುಷಿಪಟ್ಟೆ. ಇದನ್ನು ಮುಚ್ಚಿಟ್ಟರೆ ತಪ್ಪಾಗುತ್ತೆ. ಹೆಸರನ್ನು ಯಾರೂ ಕಿತ್ತುಕೊಳ್ಳಲಿಲ್ಲ, ನಾನೇ ಬಿಟ್ಟುಕೊಟ್ಟೆ. ಮದುವೆಯಾದರೆ ಹೆಸರು ಬದಲಿಸಬೇಕು ಅಂತ ಯಾವ ಕಾನೂನೂ ಇಲ್ಲ ಅನ್ನೋದು ಆಗ ನನಗೂ ಗೊತ್ತಿರಲಿಲ್ಲ, ನಮ್ಮಪ್ಪನಿಗೂ ಗೊತ್ತಿರಲಿಲ್ಲ. ಪದ್ಧತಿ ಅಂದರು, ಆಯಿತು.

ನಮ್ಮ ಕಡೆ ಮದುವೆಯಲ್ಲಿ ಒಡಪು ಹೇಳಿಸುತ್ತಾರಲ್ಲ, ಗಂಡನ ಹೆಸರನ್ನು ಪದ್ಯದಲ್ಲಿ ಸೇರಿಸಿ ಎಲ್ಲರ ಮುಂದೆ ಹೇಳೋದು. ನಾನು ಅದರಲ್ಲಿ ಜೋರು. ಓಣಿಯ ಮದುಮಕ್ಕಳೆಲ್ಲ ನನ್ನ ಹತ್ತಿರವೇ ಒಡಪು ಬರೆಸಿಕೊಂಡು ಹೋಗುತ್ತಿದ್ದರು. ನನ್ನ ಮದುವೆಯಲ್ಲೂ ಮಂಟಪ ಗಪ್‌ಚುಪ್ ಆಗುವ ಹಾಗೆ ಹೇಳಿದೆ. ಆ ಮನೆಯಲ್ಲಿ ನನ್ನ ಧ್ವನಿ ಜೋರಾಗಿ ಕೇಳಿದ್ದು ಅದೇ ಮೊದಲು, ಅದೇ ಕೊನೆ. ಮಾರನೇ ದಿನ ಅತ್ತೆ ಹೇಳಿದರು, "ನಮ್ಮನಿ ಸೊಸ್ತ್ಯಾರ ಧ್ವನಿ ಪಡಸಾಲಿ ದಾಟಂಗಿಲ್ಲ."

ಆರು ವರ್ಷ ದಾಟಲಿಲ್ಲ. ಕುಡಿತ ಇತ್ತು, ಹೊಡೆತ ಇತ್ತು. ಅದನ್ನೆಲ್ಲ ಬಿಡಿಸಿ ಬರೆಯೋದು ಬೇಡ, ಇದು ಟೈಪಿಂಗ್ ಅಂಗಡಿಯ ರಿವ್ಯೂ. 2013ರ ಜುಲೈನಲ್ಲಿ ಒಂದು ರಾತ್ರಿ ನನ್ನನ್ನು ಹೊರಗೆ ಹಾಕಿ ಚಿಲಕ ಹಾಕಿಕೊಂಡರು. ಪಕ್ಕದ ಮನೆ ಅಜ್ಜಿ ಅವರ ಕಟ್ಟೆ ಮೇಲೆ ಮಲಗಿಸಿಕೊಂಡು, ಬೆಳಿಗ್ಗೆ ನೂರು ರೂಪಾಯಿ ಕೈಯಲ್ಲಿಟ್ಟು ಮೊದಲ ಬಸ್ ಹತ್ತಿಸಿದರು.

ಆಮೇಲೆ ಜೀವನಾಂಶದ ಕೇಸ್ ಹಾಕಿದೆವು. ಇಲ್ಲಿಂದ ಟೈಪಿಂಗ್‌ಗೆ ಬರ್ತೀನಿ. ಆಗ ಬೇರೆ ಊರಿನಲ್ಲಿ, ಬೇರೆ ಒಂದು ಕಡೆ ಅರ್ಜಿ ಮತ್ತು ಅಫಿಡವಿಟ್ ಟೈಪ್ ಮಾಡಿಸಿದ್ದು. ಅಪ್ಪ ಹೇಳುತ್ತಾ ಹೋದರು, ಅವನು ಬಡಿಯುತ್ತಾ ಹೋದ. ನನ್ನನ್ನು ಒಂದು ಮಾತೂ ಕೇಳಲಿಲ್ಲ. ಕೊನೆಗೆ ಪೆನ್ನು ಕೈಗೆ ಕೊಟ್ಟು ಎಲ್ಲೆಲ್ಲಿ ಸಹಿ ಅಂತ ಬೆರಳು ತೋರಿಸಿದ. ಅದರಲ್ಲಿ ಒಂದು ಸಾಲಿತ್ತು: "ಸದರಿ ಅರ್ಜಿದಾರಳು ತನ್ನ ಸ್ವಇಚ್ಛೆಯಿಂದ ಪತಿಯ ಮನೆಯನ್ನು ತೊರೆದು ತವರುಮನೆಯಲ್ಲಿ ವಾಸವಾಗಿದ್ದು." ಅವನು ಬೇಕಂತ ಮಾಡಿದ್ದಲ್ಲ. ಅವನ ಕಂಪ್ಯೂಟರಿನಲ್ಲಿ ಹಳೇ ಫೈಲ್ ಇತ್ತು, ಹೆಸರು ಬದಲಿಸಿದ, ಉಳಿದದ್ದು ಹಾಗೇ ಇತ್ತು. ಯಾರದೋ ಮನೆಯ ಕಥೆ ನನ್ನ ಸಹಿ ಕೆಳಗೆ ಬಂದು ಕೂತಿತು.

ಕೋರ್ಟಿನಲ್ಲಿ ಅವರ ಕಡೆಯ ವಕೀಲರು ಆ ಸಾಲನ್ನೇ ಓದಿದರು. ಎರಡು ಸಲ ಓದಿದರು. ಸರಿಯಾದ ಕಾರಣ ಇಲ್ಲದೆ ಗಂಡನ ಜೊತೆ ಇರೋಕೆ ಒಪ್ಪದ ಹೆಂಡತಿಗೆ ಜೀವನಾಂಶ ಇಲ್ಲ ಅಂತ ಕಾನೂನಿನಲ್ಲೇ ಇದೆ, ಆಗ ಸಿಆರ್‌ಪಿಸಿ, ಅಂದರೆ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನ 4ನೇ ಉಪಕಲಂ. 2024ರ ಜುಲೈ 1ರಿಂದ ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 144 ಆಗಿದೆ, ಮಾತು ಅದೇ. ನನ್ನ ಹತ್ತಿರ ಕಾರಣ ಬೇಕಾದಷ್ಟಿತ್ತು, ಆದರೆ ನನ್ನದೇ ಅಫಿಡವಿಟ್ 'ಸ್ವಇಚ್ಛೆ' ಅಂತಿತ್ತು. ಬಿಡಿಸಿ ಹೇಳಿ ಅಂತ ಕೇಳಿದಾಗ ಗಂಟಲಿಂದ ಮಾತೇ ಹೊರಡಲಿಲ್ಲ, ಆರು ವರ್ಷ ಪಡಸಾಲೆ ದಾಟದ ಧ್ವನಿ ನೋಡಿ. ಕೊನೆಗೆ ರಾಜಿ ಆಯಿತು. ಬಂದಷ್ಟು ತಗೊಂಡು 2015ರಲ್ಲಿ ಡೈವೋರ್ಸ್ ಮುಗಿಸಿದೆವು. ವಕೀಲರ ಫೀಗೆ ನನ್ನ ಬಂಗಾರದ ಬೋರಮಾಳ ಸರ ಹೋಯಿತು.

ಎರಡನೇ ಮದುವೆ 2016ರಲ್ಲಿ, ಹಾವೇರಿಗೆ. ಈ ಸಲ ಒಳ್ಳೆಯವರು. ನಿಜವಾಗಿ ಹೇಳ್ತೀನಿ, ಒಂದು ದಿನವೂ ಕೈ ಎತ್ತಿದವರಲ್ಲ. ಆ ಮನೆಯಲ್ಲೂ ಒಂದು ಹೊಸ ಹೆಸರು, ಅವರ ಶಾಸ್ತ್ರಿಗಳು ರಾಶಿ ನೋಡಿ ಕೊಟ್ಟದ್ದು. ಒಡಪು ಕೇಳಿದರು. ನಾನೇ ಕಟ್ಟಿದೆ: "ಧಾರವಾಡದ ಪೇಢೆ, ಹಾವೇರಿ ಏಲಕ್ಕಿ ಹಾರ, ನಮ್ಮ ರಾಯರ ಹೆಸರು ಹೇಳತೇನಿ ಎಲ್ಲಾರೂ ಕೇಳ್ರಿ ಪೂರಾ." ಚಪ್ಪಾಳೆ ಬಿತ್ತು.

ಇಲ್ಲಿ ನಡೆದದ್ದನ್ನು ಹೇಳೋದು ಕಷ್ಟ, ಯಾಕೆಂದರೆ ಹೇಳಿದರೆ ಜನ "ಇಷ್ಟೇನಾ?" ಅಂತಾರೆ. ನಮ್ಮ ಯಜಮಾನರು ನನ್ನ ಬದಲು ಮಾತಾಡುತ್ತಿದ್ದರು. ಡಾಕ್ಟರ್ ನನ್ನನ್ನು ನೋಡಿ ಏನಾಗ್ತಿದೆಯಮ್ಮ ಅಂದರೆ ಅವರು, "ಆಕಿಗೆ ಹೊಟ್ಟಿ ನೋವು ಸರ್, ಎರಡು ದಿನ ಆತು." ನೋವು ಬೆನ್ನಿನಲ್ಲಿತ್ತು. ಸೀರೆ ಅಂಗಡಿಯಲ್ಲಿ, "ಆಕಿಗೆ ಗಾಢ ಬಣ್ಣ ಸೇರಂಗಿಲ್ಲ." ನಮ್ಮವ್ವ ಫೋನ್ ಮಾಡಿದರೆ ಸ್ಪೀಕರ್ ಹಾಕಿ, "ಆರಾಮ್ ಅದಾಳ್ರಿ ಅತ್ತಿ." ಸಿಮ್ಮು ಅವರ ಹೆಸರಲ್ಲಿ, ಖಾತೆಯ ಮೆಸೇಜ್ ಅವರ ಫೋನಿಗೆ. 2017ರಲ್ಲಿ ಆಧಾರ್‌ನಲ್ಲಿ ಹೆಸರು ಬದಲಿಸಿದ್ದೂ ಅವರೇ, ನಾನು ಬೆರಳು ಒತ್ತಿದ್ದಷ್ಟೇ. ಮೊದಮೊದಲು ಇದು ಪ್ರೀತಿ ಅನ್ನಿಸಿತು, ಮೊದಲಿನ ಮನೆಯಿಂದ ಬಂದವಳಿಗೆ ಅನ್ನಿಸದೆ ಇರುತ್ತಾ. ನಾಲ್ಕೈದು ವರ್ಷಕ್ಕೆ ಎಲ್ಲಿಗೆ ಬಂತು ಅಂದರೆ, ಕಿರಾಣಿ ಅಂಗಡಿಯವನು ನನ್ನೆದುರೇ ನಿಂತು, "ಯಜಮಾನ್ರು ಬರಲಿ, ಕೇಳಿ ಕೊಡ್ತೀನಿ" ಅಂದ. ಅರ್ಧ ಕಿಲೋ ಸಕ್ಕರೆಗೆ.

2022ರಲ್ಲಿ ಧಾರವಾಡಕ್ಕೆ ಬಂದೆ. ಜಗಳ ಇಲ್ಲದೆ ಬಂದೆ, ಅದಕ್ಕೇ ಯಾರಿಗೂ ಅರ್ಥವಾಗಲಿಲ್ಲ. ನಮ್ಮ ಸೋದರತ್ತೆ ಒಬ್ಬರೇ ಏನೂ ಕೇಳಲಿಲ್ಲ, ಮಷೀನಿಗೆ ಎಣ್ಣೆ ಬಿಟ್ಟು "ಕೂಡು" ಅಂದರು. ಅವರು ಹೊಲಿಗೆ ಕಲಿತದ್ದು ಇಲ್ಲಿಯ ವನಿತಾ ಸೇವಾ ಸಮಾಜದಲ್ಲಿ, ಭಾಗೀರಥಿಬಾಯಿ ಪುರಾಣಿಕರು 1928ರಲ್ಲಿ ಕಟ್ಟಿದ್ದು. ಸ್ವತಃ ಬಾಲವಿಧವೆಯಾಗಿದ್ದವರು ಆ ಬಾಯಿ. ಧಾರವಾಡದಲ್ಲಿ ಹುಟ್ಟಿ ಬೆಳೆದ ನನಗೆ ಇದನ್ನು ಹೇಳೋಕೆ ಅತ್ತೆಯೇ ಬೇಕಾಯಿತು. ಒಪ್ಪಿಗೆಯ ಡೈವೋರ್ಸ್, ಹಿಂದೂ ವಿವಾಹ ಕಾಯ್ದೆಯ 13ಬಿ. 2024ರಲ್ಲಿ ಡಿಕ್ರಿ ಬಂತು. ಈ ಸಲ ಒಡವೆ ಮಾರಲಿಲ್ಲ, ಕಾರಣ ಮುಂದೆ ಬರುತ್ತೆ.

ಈಗ ಅಂಗಡಿ. ಮೊದಲ ಸಲ ಅಲ್ಲಿಗೆ ಹೋದದ್ದು ಈ 13ಬಿ ಸಮಯದಲ್ಲಿ, ಬರೀ ಜೆರಾಕ್ಸ್‌ಗೆ. ಗೋಡೆ ಮೇಲೆ ಒಂದು ಹಾಳೆ ಅಂಟಿಸಿದ್ದರು, ಮಾರ್ಕರ್‌ನಲ್ಲಿ ದೊಡ್ಡದಾಗಿ 15100, 181, 112 ಅಂತ. ಕೊನೆಯ ಎರಡು ಮಹಿಳಾ ಸಹಾಯವಾಣಿ, ತುರ್ತು ಕರೆ. ಮೊದಲನೇದು ಏನು ಅಂತ ಕೇಳಿದೆ. ಅಕ್ಕಾರು ಕಣ್ಣು ಎತ್ತದೆ ಹೇಳಿದರು, ಉಚಿತ ಕಾನೂನು ನೆರವು, ಹೆಣ್ಣುಮಕ್ಕಳಿಗೆ ಆದಾಯ ಎಷ್ಟಿದ್ದರೂ ವಕೀಲರು ಪುಕ್ಕಟೆ, 1987ರ ಕಾಯ್ದೆ, 12ನೇ ಕಲಂ, ಆಫೀಸು ಕೋರ್ಟಿನ ಆವರಣದಲ್ಲೇ ಇದೆ ಹೋಗ್ರಿ. ನಾನು ಜೆರಾಕ್ಸ್ ಹಿಡಿದುಕೊಂಡು ಹಾಗೇ ನಿಂತೆ. 2013ರಲ್ಲೂ ಈ ಕಾಯ್ದೆ ಇತ್ತಲ್ಲ. ನನ್ನ ಬೋರಮಾಳ ಸುಮ್ನೆ ಹೋಯಿತಲ್ಲ. ಎರಡು ರೂಪಾಯಿ ಜೆರಾಕ್ಸ್‌ಗೆ ಅಷ್ಟು ಮಾಹಿತಿ ಕೊಡುವ ಅಂಗಡಿ ನಾನು ಬೇರೆ ಕಂಡಿಲ್ಲ.

ಹಾಗಾಗಿ ಬ್ಯಾಂಕಿನಿಂದ ವಾಪಸ್ ಬಂದಾಗ ನೇರ ಅಲ್ಲಿಗೇ ಹೋದೆ. ಮೂರೂ ಕಾಗದ ಮುಂದೆ ಇಟ್ಟೆ.

"ಹೆಸ್ರು ಹೇಳ್ರಿ."

"ಯಾವ್ದು?"

"ಯಾವ್ದು ಬೇಕೋ ಅದು. ಟೈಪ್ ಮಾಡಾಕಿ ನಾ, ಹೆಸರು ನಿಮ್ದು."

ಇದನ್ನು ಓದುವವರಿಗೆ ಏನೂ ಅನ್ನಿಸದೆ ಇರಬಹುದು. ನನಗೆ ಮೂವತ್ತೆಂಟು ವರ್ಷ. ಅಜ್ಜಿ ಸತ್ತಳು, ನನಗೆ ಹೆಸರಿಟ್ಟರು. ಅತ್ತೆ ಇಟ್ಟರು. ಶಾಸ್ತ್ರಿಗಳು ಇಟ್ಟರು. ಯಾವುದು ಬೇಕು ಅಂತ ಕೇಳಿದವರು ಇವರೇ ಮೊದಲು, ಅದೂ ಬಾಯಲ್ಲಿ ಅರ್ಧ ಕಡಿದ ಪಾರ್ಲೆ ಬಿಸ್ಕೀಟ್ ಇಟ್ಟುಕೊಂಡು. ನಾನು ಅಜ್ಜಿಯದು ಅಂದೆ. ನಾಚಿಕೆಪಟ್ಟು ಬಿಟ್ಟಿದ್ದ, 'ಅವ್ವ' ಅಂತ ಕೊನೆಯಾಗುವ ಆ ಹೆಸರು.

ಅವರ ಕಂಪ್ಯೂಟರಿನಲ್ಲೂ ಹಳೇ ಫೈಲ್ ಇರುತ್ತೆ, ಇರಲ್ಲ ಅಂತಲ್ಲ. ಮೊದಲ ಸಾಲು ಎಲ್ಲ ಕಡೆ ಇರುವಂಥದ್ದೇ: ನಾನು ಶ್ರೀಮತಿ ಇಂಥವಳು, ಕೋಂ (ಅಂದರೆ ಹೆಂಡತಿ) ಇಂಥವರು, ಉದ್ಯೋಗ ಮನೆಕೆಲಸ, ಸಾಕಿನ ಇಂಥ ಊರು. ವ್ಯತ್ಯಾಸ ಏನೆಂದರೆ ಅಕ್ಕಾರು ಮಾನಿಟರನ್ನು ಗಿರಾಕಿ ಕಡೆ ತಿರುಗಿಸುತ್ತಾರೆ. ಪ್ರತಿ ಶಬ್ದದ ಮೇಲೂ ಬೆರಳಿಟ್ಟು ಕೇಳುತ್ತಾರೆ. 'ಶ್ರೀಮತಿ' ಇರಲೋ ತೆಗೆಯಲೋ? ತೆಗೀರಿ ಅಂದೆ. 'ಕೋಂ'? ನಾನು ಸುಮ್ಮನಿದ್ದೆ. ಅವರೇ ಬ್ಯಾಕ್‌ಸ್ಪೇಸ್ ಒತ್ತಿದರು. ಹದಿನೆಂಟು ವರ್ಷ ನನ್ನ ಹೆಸರಿನ ಹಿಂದೆ ಜೋತುಬಿದ್ದಿದ್ದ ಶಬ್ದ, ಅರ್ಧ ಸೆಕೆಂಡಿನಲ್ಲಿ ಹೋಯಿತು. ಆ ಜಾಗದಲ್ಲಿ ಏನು ಹಾಕೋದು? ತಂದೆ ಅಂದರು. ಅಪ್ಪ ತೀರಿಹೋಗಿದ್ದಾರೆ, ಅವ್ವನ ಹೆಸರು ಹಾಕಿದರೆ ನಡೆಯುತ್ತಾ ಅಂದೆ. ನೋಟರಿ ಗೊಣಗಬಹುದು, ಆದರೆ ನಡೆಯುತ್ತೆ, ಪಾಸ್‌ಪೋರ್ಟಿಗೇ 2016ರ ಡಿಸೆಂಬರಿನಿಂದ ಅಪ್ಪ ಅವ್ವ ಇಬ್ಬರಲ್ಲಿ ಒಬ್ಬರ ಹೆಸರು ಸಾಕು, ಡೈವೋರ್ಸ್ ಆದವರು ಗಂಡನ ಹೆಸರು ಬರೆಯೋದೇ ಬೇಕಿಲ್ಲ ಅಂದರು. ಅವ್ವನ ಹೆಸರೇ ಹಾಕಿದೆವು. ಉದ್ಯೋಗದಲ್ಲಿ ಮನೆಕೆಲಸ ಹೋಗಿ 'ಹೊಲಿಗೆ ಮತ್ತು ಕಸೂತಿ, ಸ್ವಂತ' ಅಂತ ಬಂತು.

ಆಮೇಲೆ ಮುಖ್ಯವಾದ ಸಾಲು: "ಮೇಲ್ಕಾಣಿಸಿದ ಮೂರೂ ಹೆಸರುಗಳು ಒಬ್ಬಳೇ ವ್ಯಕ್ತಿಯವಾಗಿದ್ದು, ಆ ವ್ಯಕ್ತಿ ನಾನೇ ಆಗಿರುತ್ತೇನೆ." ಇದು ಅವರ ಫಾರ್ಮ್ಯಾಟ್‌ನಲ್ಲೇ ಇದ್ದ ಸಾಲು, ನನಗಾಗಿ ಬರೆದದ್ದೇನಲ್ಲ. ದಿನಕ್ಕೆ ಐದಾರು ಸಲ ಪ್ರಿಂಟ್ ಆಗುತ್ತೆ. ಬ್ಯಾಂಕಿನ ಹುಡುಗನ ಪ್ರಶ್ನೆಗೆ ಉತ್ತರ ಇಲ್ಲಿತ್ತು.

ನಂತರ ಅವರ ಒಂದು ನಿಯಮ ಇದೆ. ಪ್ರಿಂಟ್ ಕೊಡುವ ಮೊದಲು ಗಿರಾಕಿಯೇ ಪೂರ್ತಿ ಓದಬೇಕು. ಮನಸ್ಸಿನಲ್ಲಲ್ಲ, ಬಾಯಿ ಬಿಟ್ಟು. ಓದೋಕೆ ಬರದವರಿಗೆ ಅವರೇ ಓದಿ ಹೇಳುತ್ತಾರೆ. ನಾನು ಶುರು ಮಾಡಿದೆ. ಎರಡು ಸಾಲು ಓದುವಷ್ಟರಲ್ಲಿ ತಡೆದರು, "ಜೋರಾಗ್ ಓದ್ರಿ, ಫ್ಯಾನ್ ಸಪ್ಪಳದಾಗ ಕೇಳಂಗಿಲ್ಲ." ಮತ್ತೆ ಓದಿದೆ. "ಇನ್ನೂ ಜೋರು." ಒಡಪು ಹೇಳುವ ಧ್ವನಿ ತೆಗೆದೆ. ಇಬ್ಬರು ಗಂಡಂದಿರ ಹೆಸರನ್ನು ಮಂಟಪದಲ್ಲಿ ಹೇಳಿದ ಧ್ವನಿ, ಈ ಸಲ ನನ್ನ ಹೆಸರು ಹೇಳಿತು. ಬೆಂಚಿನ ಮೇಲಿದ್ದವರೆಲ್ಲ ನೋಡಿದರು.

ಒಂದು ಸ್ಟಾರ್ ಕಡಿಮೆ ಆದದ್ದು ಇಲ್ಲೇ. ಆರು ಜನ ಅಪರಿಚಿತರಿಗೆ ನನ್ನ ಎರಡು ಮದುವೆ, ಎರಡು ಡಿಕ್ರಿ ನಂಬರ್ ಗೊತ್ತಾಯಿತು. ಹೊಲದ ಉತಾರ ಹಿಡಿದುಕೊಂಡು ಕೂತಿದ್ದ ಒಬ್ಬ ಹಿರಿಯರು, "ಮಕ್ಕಳೆಷ್ಟವ್ವಾ?" ಅಂತ ಕೇಳಿಯೇ ಬಿಟ್ಟರು. ಒಂದು ಪರದೆ ಹಾಕಿಸಬಹುದು, ಏನಿಲ್ಲ ಅಂದರೂ ಆ ಬೆಂಚನ್ನು ಹೊರಗೆ ಹಾಕಬಹುದು. ಓದಿಸೋದನ್ನು ಬಿಡಬೇಡಿ ಅಂತ ನಾನೇ ಹೇಳ್ತೀನಿ, ಆವತ್ತು ಯಾರಾದರೂ ಓದಿಸಿದ್ದರೆ 'ಸ್ವಇಚ್ಛೆ' ಅಲ್ಲೇ ಸಿಕ್ಕಿಬೀಳುತ್ತಿತ್ತು. ಆದರೆ ಊರಿಗೆಲ್ಲ ಕೇಳಬೇಕಾ?

ಅದೇ ಹೊತ್ತಿಗೆ ನಾನು ಆ ಹಳೇ ಸಾಲಿನ ವಿಷಯ ಹೇಳಿದೆ. ಇದರಲ್ಲಿ ಅದನ್ನೂ ಸೇರಿಸಿ, ನಾನು ಬಿಟ್ಟು ಬಂದದ್ದಲ್ಲ, ಹೊರಗೆ ಹಾಕಿದ್ದು ಅಂತ ಬರೀರಿ ಅಂದೆ. ಅಕ್ಕಾರು ಒಪ್ಪಲಿಲ್ಲ. ಹೆಸರಿನ ಅಫಿಡವಿಟ್‌ಗೆ ಅದು ಸಂಬಂಧ ಇಲ್ಲ, ಡಿಕ್ರಿ ನಂಬರ್ ಸಾಕು, ಜಾಸ್ತಿ ಬರೆದಷ್ಟೂ ಜನ ಜಾಸ್ತಿ ಕೇಳ್ತಾರೆ ಅಂದರು. ಸರಿಯೇ ಇತ್ತು. ನನ್ನ ಮುಖ ನೋಡಿದರೋ ಏನೋ, "ಬೇಕಂದ್ರ ಬ್ಯಾರೆ ಹಾಳಿ ಮ್ಯಾಲ ಹೊಡದ್ ಕೊಡ್ತೇನಿ, ನಿಮ್ಮ ಹತ್ರ ಇರ್ಲಿ. ಹೇಳ್ರಿ" ಅಂದರು. ನಾನು ಹೇಳಿದೆ, ಅವರು ಹೊಡೆದರು. "2013ರ ಜುಲೈ ತಿಂಗಳ ಒಂದು ರಾತ್ರಿ ನನ್ನನ್ನು ಮನೆಯಿಂದ ಹೊರಗೆ ಹಾಕಿದರು. ನಾನಾಗಿ ಬಿಟ್ಟು ಬರಲಿಲ್ಲ." ಬಿಳಿ ಹಾಳೆ ಮೇಲೆ ಎರಡೇ ವಾಕ್ಯ, ಸ್ಟ್ಯಾಂಪ್ ಇಲ್ಲ, ಸೀಲ್ ಇಲ್ಲ. ಯಾವ ಆಫೀಸಿನಲ್ಲೂ ನಡೆಯದ ಕಾಗದ. ಅದಕ್ಕೂ ಪ್ರಿಂಟಿನ ಹತ್ತು ರೂಪಾಯಿ ತಗೊಂಡರು, ಬಿಡಲಿಲ್ಲ. ಆ ಹಾಳೆ ಈಗ ನನ್ನ ನೂಲಿನ ಡಬ್ಬಿಯ ತಳದಲ್ಲಿದೆ.

ರೇಟು ಕೇಳುವವರಿಗೆ: ನನ್ನ ಹತ್ತಿರ ಕನ್ನಡ ಟೈಪಿಂಗ್‌ಗೆ ಪುಟಕ್ಕೆ 60 ತಗೊಂಡರು. ಎರಡು ಸಲ ತಿದ್ದುಪಡಿ ಪುಕ್ಕಟೆ, ಮೂರನೇ ಸಲ ಬೈಗುಳ. ಇ-ಸ್ಟ್ಯಾಂಪ್ ಪೇಪರ್ ಬೇರೆ ಕಡೆಯಿಂದ ತರಬೇಕು. ಅಫಿಡವಿಟ್‌ದು ಮೊದಲು 20 ರೂಪಾಯಿ ಇತ್ತು, 2024ರ ಫೆಬ್ರವರಿಯಿಂದ 100. ಅಂದರೆ ಪ್ರಿಂಟ್ ಆದ ಮೇಲೆ ತಪ್ಪು ಸಿಕ್ಕರೆ ನೂರು ರೂಪಾಯಿ ನೀರಿಗೆ, ಅದಕ್ಕೂ ಬಾಯಿ ಬಿಟ್ಟು ಓದೋದು ಒಳ್ಳೇದೇ. ನೋಟರಿ ಹೊರಗೆ ಕೂರುತ್ತಾರೆ, ಅವರ ಲೆಕ್ಕ ಬೇರೆ. ಮಧ್ಯಾಹ್ನ ಎರಡರಿಂದ ಮೂರೂವರೆ ಬಂದ್. ಸೋಮವಾರ ಹೋಗಲೇಬೇಡಿ. ಬಾತ್‌ರೂಮ್ ಇಲ್ಲ. ಪಕ್ಕದಲ್ಲಿ ಮಿರ್ಚಿ ಕರಿಯುವ ಗಾಡಿ ಇದೆ, ನನ್ನ ಅಫಿಡವಿಟ್‌ಗೂ ಸ್ವಲ್ಪ ವಾಸನೆ ಇತ್ತು. ಅಕ್ಕಾರ ಬಾಯಿಯೂ ಸುಮ್ಮನಿರಲ್ಲ. "ಮೂರನೇದು ಮಾಡ್ಕೋಬ್ಯಾಡ್ರಿ ಮತ್ತ" ಅಂದರು. ನಾನು ಕೇಳಿರಲಿಲ್ಲ.

ಇನ್ನೊಂದು ದೂರು ಇದೆ, ತಾಂತ್ರಿಕ. ಅವರು ಟೈಪ್ ಮಾಡೋದು 'ನುಡಿ' ಅನ್ನೋ ಕನ್ನಡ ಸಾಫ್ಟ್‌ವೇರಿನ ಹಳೇ ಫಾಂಟಿನಲ್ಲಿ. ಪ್ರಿಂಟ್ ಚೆನ್ನಾಗಿ ಬರುತ್ತೆ. ಆದರೆ ಫೈಲನ್ನು ವಾಟ್ಸಾಪ್‌ನಲ್ಲಿ ತಗೊಂಡು ಮೊಬೈಲಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಮೊಬೈಲಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡ್‌ಗೆ ಬದಲಿಸಿ ಕೊಡಿ ಅಂದೆ. ಬದಲಿಸಿದರು, ನನ್ನ ಹೆಸರಿನ 'ವ್ವ' ಒಡೆದು ಎರಡು ತುಂಡಾಗಿ ಬಂತು. ಕಸೂತಿ ಹಾಕುವವಳ ಕಣ್ಣು, ತಟ್ಟನೆ ಕಂಡಿತು. ಗವಂತಿ ಹೊಲಿಗೆಯಲ್ಲಿ ಗಂಟು ಹಾಕುವ ಹಾಗಿಲ್ಲ, ಹಿಂದೆ ಮುಂದೆ ಒಂದೇ ಥರ ಕಾಣಬೇಕು, ಒಂದು ಎಳೆ ಹೆಚ್ಚುಕಮ್ಮಿ ಆದರೂ ಬಿಚ್ಚಲೇಬೇಕು. ಕೂತು ಒಂದೊಂದೇ ಒತ್ತಕ್ಷರ ತಿದ್ದಿಸಿದೆ. ಇಪ್ಪತ್ತು ನಿಮಿಷ ಹಿಡಿಯಿತು, ಹಿಂದಿನವರು ಬೈದರು.

ಅಷ್ಟು ಹಟ ಮಾಡೋಕೆ ಕಾರಣ ಇತ್ತು. ಅಕ್ಕಾರೇ ಹೇಳಿದ್ದರು. ಆಧಾರ್‌ನಲ್ಲಿ ಹೆಸರು ಬದಲಿಸೋಕೆ ಜೀವಮಾನದಲ್ಲಿ ಎರಡೇ ಸಲ ಅವಕಾಶ. ಅದು ಮುಗಿದ ಮೇಲೂ ಬೇಕು ಅಂದರೆ ಗೆಜೆಟ್, ಬೆಂಗಳೂರಿನ ಪ್ರಾದೇಶಿಕ ಕಚೇರಿ, ಅಂತ ಅಲೆಯಬೇಕು. ನನ್ನದು 2017ರಲ್ಲಿ ಒಂದು ಹೋಗಿತ್ತು. ಇದು ಕೊನೆಯದು. ಇನ್ನೂ ಒಂದು ಹೇಳಿದರು, ಬೇರೆ ಅಂಗಡಿಯವರಾದರೆ ಹೇಳುತ್ತಿರಲಿಲ್ಲ: ಅಫಿಡವಿಟ್ ಬ್ಯಾಂಕು, ಗ್ಯಾಸು, ವಿಮೆಗೆ ನಡೆಯುತ್ತೆ, ಆಧಾರ್‌ನವರು ಅದನ್ನು ಒಪ್ಪಲ್ಲ, ಅಲ್ಲಿಗೆ ಡೈವೋರ್ಸ್ ಡಿಕ್ರಿ ತಗೊಂಡು ಹೋಗ್ರಿ. ತಮ್ಮ ವ್ಯಾಪಾರ ತಾವೇ ಕಡಿಮೆ ಮಾಡಿಕೊಂಡರು.

ಚಿಗರಿ ಬಸ್ ಹತ್ತಿ ಹುಬ್ಬಳ್ಳಿಯ ಆಧಾರ್ ಸೇವಾ ಕೇಂದ್ರಕ್ಕೆ ಹೋದೆ. ಒಬ್ಬಳೇ ಹೋದೆ, ಮುದ್ದಾಂ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಇಂಗ್ಲಿಷ್ ಸ್ಪೆಲ್ಲಿಂಗನ್ನು ಬಾಯಿಪಾಠ ಮಾಡಿದೆ, 'ವಿ' ಒಂದೋ ಎರಡೋ ಅಂತ. ಮಾರ್ಕ್ಸ್ ಕಾರ್ಡಿನಲ್ಲಿ ಎರಡು ಇತ್ತು, ಎರಡೇ ಇರಲಿ. ಫೀ ಅಕ್ಟೋಬರ್ 2025ರಿಂದ 75 ಆಗಿದೆ, ಮೊದಲು 50 ಇತ್ತು. ಅಲ್ಲಿಯ ಹುಡುಗಿ ಸ್ಕ್ರೀನ್ ತೋರಿಸಿ ಚೆಕ್ ಮಾಡ್ರಿ ಮೇಡಂ ಅಂದಳು. ನಾನು ಜೋರಾಗಿ ಓದಿದೆ. ಅವಳು ಗಾಬರಿಯಾದಳು, ಮನಸ್ಸಿನಲ್ಲಿ ಓದಿದರೂ ನಡೆಯುತ್ತೆ ಅಂದಳು.

ಹೆಸರು ಬದಲಾಗಿದೆ ಅಂತ ಮೆಸೇಜ್ ಬಂತು, ನನ್ನದೇ ಸಿಮ್ಮಿಗೆ. ಅವ್ವನಿಗೆ ತೋರಿಸಿದೆ. ಅವಳಿಗೆ ಓದೋಕೆ ಬರಲ್ಲ. ಏನಿದೆ ಅಂದಳು, ನಿಮ್ಮತ್ತಿ ಹೆಸರು ಅಂದೆ. "ಆಕಿ ನನ್ನ ಭಾಳ ಕಾಡಿದ್ಳು" ಅಂದಳು ಅವ್ವ, ರೊಟ್ಟಿ ಬಡಿಯುತ್ತಾ. ಇದು ನನಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ.

ಮೊನ್ನೆ ಪ್ಯಾನ್ ತಿದ್ದುಪಡಿ ಫಾರ್ಮ್ ತುಂಬಿಸೋಕೆ ಮತ್ತೆ ಆ ಅಂಗಡಿಗೆ ಹೋಗಿದ್ದೆ. ಅಕ್ಕಾರಿಗೆ ನನ್ನ ನೆನಪೇ ಇಲ್ಲ. ದಿನಕ್ಕೆ ಎಷ್ಟು ಜನ ಬರ್ತಾರೆ, ಇರೋದೂ ಬೇಡ. ಪರದೆ ಇನ್ನೂ ಬಂದಿಲ್ಲ, ಬೆಂಚು ಒಳಗೇ ಇದೆ, ಹಾಗಾಗಿ ನಾಲ್ಕು ಸ್ಟಾರ್ ನಾಲ್ಕೇ. ಕೀಬೋರ್ಡ್ ಮೇಲೆ ಕೈಯಿಟ್ಟು ಕೇಳಿದರು, "ಹೆಸ್ರು ಹೇಳ್ರಿ."

ಹೇಳಿದೆ. ಇಡೀ ಗಲ್ಲಿಗೆ ಕೇಳುವ ಹಾಗೆ.

"ಅಯ್ಯ, ಒದರಬ್ಯಾಡ್ರಿ," ಅಂದರು. "ಫ್ಯಾನ್ ರಿಪೇರಿ ಆಗೇತಿ."